ಕೊಸರು

ಈ ಕೊಟ್ಟಿಗೆಗೆ ಬೆಳಗಿನ ಬಿಸಿಲು ಪಡುವಣದಿಂದ ಬರುತ್ತದೆ.
ಹೇಳಿದರೆ ಯಾರೂ ನಂಬುವುದಿಲ್ಲ.
ಮೂಡಲಲ್ಲಿ ಹದಿನಾಲ್ಕು ಮಹಡಿ ಎದ್ದ ಮೇಲೆ
ಚಲ್ಲಘಟ್ಟದ ಈ ಓಣಿಗೆ ಸೂರ್ಯ ನೇರ ಹುಟ್ಟುವುದಿಲ್ಲ;
ಎದುರಿನ ಗಾಜಿನ ಕಟ್ಟಡಕ್ಕೆ ಹೋಗಿ ಹಣೆ ತಾಗಿಸಿ
ವಾಪಸು ಬರುತ್ತಾನೆ, ಏಳೂ ನಲವತ್ತಕ್ಕೆ,
ಇರುವ ಒಂದೇ ಬಾಗಿಲಿನಿಂದ, ತಲೆ ತಗ್ಗಿಸಿ.
ಇಪ್ಪತ್ತೆರಡು ನಿಮಿಷ.
ನೆರಳೆಲ್ಲ ತಪ್ಪು ದಿಕ್ಕಿಗೆ. ಪರೀಕ್ಷೆಯಾಗಿದ್ದರೆ
ನಾನೇ ಎರಡು ಮಾರ್ಕು ಕಳೆಯುತ್ತಿದ್ದೆ.

ಕಾರ್ಪೊರೇಷನ್ ಶಾಲೆಯಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಟೀಚರು;
ಹೂಜಿ, ಮಾವಿನಕಾಯಿ, ಎರಡು ಬೆಟ್ಟದ ನಡುವೆ ಸೂರ್ಯ,
ಅದನ್ನೇ ತಿದ್ದಿ ತಿದ್ದಿ ಕಣ್ಣು ಸವೆಸಿದವಳು.
ಮೊದಲ ದಿನ ಪಿಳ್ಳಮ್ಮ ಕೇಳಿದ್ದು:
"ಫೋಟೋ ಹಿಡ್ಕೊಂಡ್ರೆ ಆಗಲ್ವಾ ಟೀಚರಮ್ಮ?"
ಎರಡನೇ ದಿನ: "ಕೂರಾಕೆ ಆ ಹಿಂಡಿ ಮೂಟೆ ಎಳ್ಕಳಿ."

ಹಾಲು ಬಿಳಿಯಲ್ಲವೆಂದು ಗೊತ್ತಾದದ್ದು ಇಲ್ಲೇ.
ಮಬ್ಬಿನಲ್ಲಿ ಅದು ನೀಲಿ; ಪಾತ್ರೆಯ ಅಂಚಿನಲ್ಲಿ
ಪಿಳ್ಳಮ್ಮನ ಸೀರೆಯ ಈರುಳ್ಳಿ ಬಣ್ಣ;
ನೊರೆ ಒಡೆಯುವಲ್ಲಿ ಮಾತ್ರ, ಸಾಸಿವೆಯಷ್ಟು, ಬಿಳಿ.
ಸಗಣಿ ಸಾರಿಸಿದ ನೆಲ
ಒಣಗುತ್ತ ಒಣಗುತ್ತ ಬಣ್ಣ ಬದಲಿಸಿ ನನ್ನನ್ನು ಸೋಲಿಸುತ್ತದೆ.
ಗೋಡೆ ಸುಲಭ. ಮೂರು ತಲೆಮಾರಿನ ಹೊಗೆಗೆ
ಒಂದು ಟ್ಯೂಬು ಕಂದು ಸಾಕು.

ನೀಲಿ ಡ್ರಮ್ಮನ್ನು ನಾನು ಬಿಟ್ಟಿದ್ದೆ,
ಮೊಳೆಗೆ ನೇತುಬಿದ್ದ ಚಾರ್ಜರನ್ನೂ.
ಚೆಂದ ಕೆಡುತ್ತದೆಂದು.
ಪಿಳ್ಳಮ್ಮ ಬಗ್ಗಿ ನೋಡಿದಳು, ಬೆರಳಿಂದ ಹಾಲು ತೊಟ್ಟಿಕ್ಕುತ್ತ:
"ಡ್ರಮ್ಮೆಲ್ಲಿ? ನಮ್ ಕೆಂಪಿ ನೀರು ಎಲ್ ಕುಡೀಬೇಕು?"
ಬರೆದೆ. ಪ್ಲಾಸ್ಟಿಕ್ಕಿನ ಮೇಲೂ ಬೆಳಕು
ದೇವರ ಪಟದ ಮೇಲೆ ಕೂತ ಹಾಗೆಯೇ ಕೂತಿತು.

ಮೂಲೆಯಲ್ಲಿ ಮೈದುನ ಅಂಜಿನಪ್ಪ,
ಪಾರ್ಕಿನಿಂದ ತಂದ ಹುಲ್ಲಲ್ಲಿ ಚಿಪ್ಸಿನ ಪೊಟ್ಟಣ ಹುಡುಕುತ್ತಾನೆ,
ಮಗುವಿನ ತಲೆಯಲ್ಲಿ ಹೇನು ಹೆಕ್ಕುವವರ ಬೆರಳು ಅವನದು.
ಬೋರಲು ಕ್ಯಾನಿನ ಮೇಲೆ ಕೂತ ಮೊಮ್ಮಗಳು
ಹದಿಮೂರರ ಮಗ್ಗಿಯಲ್ಲಿ ಸಿಕ್ಕಿಕೊಂಡಿದ್ದಾಳೆ.
ಕರುವಿನ ಕಿವಿ ಬೆಳಕಿಗೆ ಅಡ್ಡ ಬಂದಾಗ
ಒಳಗಿನ ನರ ಕಾಣುತ್ತದೆ, ಎಳೆ ಹೊಂಗೆಯ ಎಲೆಯ ಹಾಗೆ;
ಆ ಕೆಂಪು ಯಾವ ಅಂಗಡಿಯಲ್ಲೂ ಸಿಗಲಿಲ್ಲ.
ಹೇಂಟೆ ಈಸಲ್ ಹತ್ತಿ ಒಂದೇ ಕಣ್ಣಲ್ಲಿ ನೋಡುತ್ತದೆ,
ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರು.

ಕಷ್ಟವೆಂದರೆ ಗಿರಾಕಿಗಳದು.
ಅವರಿಗೂ ಬೆಳಕಿಗೂ ಅದೇ ಬಾಗಿಲು.
ಸ್ಟೀಲ್ ಡಬ್ಬಿ ಹಿಡಿದು ಯಾರೋ ಬಂದು ನಿಂತರೆ
ಕೆಂಪಿಯ ಬೆನ್ನು ಆರಿಹೋಗುತ್ತದೆ,
ಅರ್ಧ ಲೀಟರಿನಷ್ಟು ಹೊತ್ತು ಕತ್ತಲು.
ಸೆಕ್ಯುರಿಟಿಯವನು ಕಾಲು ಲೀಟರು,
ಬಾಣಂತಿ ಮನೆಯವರು ಒಂದು,
ಅಳತೆ ಸಾಲದೆಂದು ದಿನಾ ಜಗಳಕ್ಕೆ ನಿಲ್ಲುವ ಮುದುಕನಿಗೆ
ಪೂರ್ತಿ ಮೂರು ನಿಮಿಷ ಗ್ರಹಣ.
ಹಾಲಿಗೆ ಬಂದವರಿಗೆ
ಸ್ವಲ್ಪ ಪಕ್ಕಕ್ಕೆ ಸರಿಯಿರಿ ಅಂತ ಎಷ್ಟು ದಿನ ಅನ್ನಲಿ?
ಕೊನೆಗೆ ಆ ಮುದುಕನನ್ನೇ ಬರೆದೆ, ಬಾಗಿಲ ತುಂಬ,
ಮುಖವಿಲ್ಲದ ಕಪ್ಪು, ಕಿವಿಯಂಚಿಗೆ ಮಾತ್ರ ಕಿತ್ತಳೆ.
ಅಲ್ಲಿಯವರೆಗೆ ಚಪ್ಪಟೆಯಾಗಿದ್ದ ಕೊಟ್ಟಿಗೆ
ಆಗ ಒಳಕ್ಕೆ ಸರಿಯಿತು.

ನಿನ್ನೆ ಬಿಸಿಲು ಮುಗಿದಿತ್ತು, ಬ್ರಷ್ಷು ಒರೆಸುತ್ತಿದ್ದೆ.
ಪಿಳ್ಳಮ್ಮ ಮುದುಕನ ಡಬ್ಬಿಗೆ ಅಳತೆ ಸುರಿದು
ಮೇಲಿಷ್ಟು ಕೊಸರು ಹಾಕಿದಳು, ಬೈದುಕೊಂಡೇ.
ಅಷ್ಟರಲ್ಲಿ ಎದುರು ಆರನೇ ಮಹಡಿಯಲ್ಲಿ ಯಾರೋ
ಟವೆಲ್ಲು ಒಣಹಾಕಲು ಕಿಟಕಿ ತೆರೆದಿರಬೇಕು:
ಬೆಳಕಿನದೊಂದು ತುಂಡು ಓಣಿ ದಾಟಿ ಬಂದು
ಡ್ರಮ್ಮು ಮುಟ್ಟಿ, ಅಂಜಿನಪ್ಪನ ಮಂಡಿ ಹತ್ತಿ ಇಳಿದು,
ಬಸುರಿ ಕೆಂಪಿಯ ಪಕ್ಕೆಯ ಮೇಲೆ ನಿಂತಿತು.
ಒಳಗಿನಿಂದ ಏನೋ ಒದೆಯಿತು.
ಕಿಟಕಿ ಮುಚ್ಚಿತು.

ಟ್ಯೂಬಿನ ಮುಚ್ಚಳ ಮತ್ತೆ ಬಿಚ್ಚಿದೆ.